ಮಗುವಿನ ಉಸಿರು ಎಣಿಸಲು ಕಲಿತ ಕಥೆ

ಕೆಮ್ಮು, ಜ್ವರದಿಂದ ನರಳುವ ಮಗುವನ್ನು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಕರೆತಂದರೆ ಅಲ್ಲಿನ ಕಾರ್ಯಕರ್ತೆ ಮೊದಲು ಮಾಡಬೇಕಾದ ಕೆಲಸ ಬಹಳ ಸರಳವಾದದ್ದು. ಮಗು ಅಳದೆ ತಾಯಿಯ ತೊಡೆಯ ಮೇಲೆ ಶಾಂತವಾಗಿರುವಾಗ ಅದರ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಾದರೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನದಾದರೆ 50, ಒಂದರಿಂದ ಐದು ವರ್ಷದೊಳಗಿನದಾದರೆ 40. ಉಸಿರಿನ ಎಣಿಕೆ ಈ ಗೆರೆಯನ್ನು ಮುಟ್ಟಿದರೆ ಅದು ಬರೀ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದು ಎಂದು ತಿಳಿದು ಚಿಕಿತ್ಸೆ ಆರಂಭಿಸಬೇಕು. ಉಸಿರೆಳೆದುಕೊಳ್ಳುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ರೋಗ ಇನ್ನೂ ಮುಂದುವರಿದಿದೆ ಎಂದರ್ಥ.

ಇದಕ್ಕೆ ಸ್ಟೆತಾಸ್ಕೋಪ್ ಬೇಡ, ಎಕ್ಸ್‌ರೇ ಬೇಡ, ವೈದ್ಯ ಪದವಿಯೂ ಬೇಡ. ಹೇಳಿಕೊಟ್ಟರೆ ಅಕ್ಷರ ಬಾರದ ತಾಯಿಯೂ ಗುರುತಿಸಬಲ್ಲಳು. ಆದರೆ ಈ ಸರಳ ಸತ್ಯವನ್ನು ವೈದ್ಯಶಾಸ್ತ್ರ ಮನಗಾಣಲು 1980ರ ದಶಕದವರೆಗೆ ಕಾಯಬೇಕಾಯಿತು. ಇಷ್ಟಾದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ನ್ಯುಮೋನಿಯಾದಿಂದ ಸತ್ತರು. ಆ ವಯಸ್ಸಿನ ಮಕ್ಕಳ ಒಟ್ಟು ಸಾವುಗಳಲ್ಲಿ ಇದು ಶೇಕಡ 14. ಔಷಧಿ ಇತ್ತು, ಅದು ದುಬಾರಿಯದೂ ಅಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಉತ್ತರದ ಒಂದು ಭಾಗ ಆಸ್ಪತ್ರೆಯಲ್ಲಿದ್ದರೆ, ಇನ್ನೊಂದು ಭಾಗ ಮನೆಯಲ್ಲಿದೆ. ಮಗುವಿನ ಉಸಿರು ಬದಲಾದದ್ದನ್ನು ಮೊದಲು ಕಂಡವರು ಯಾರು, ಅವರು ಏನು ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು ಎಂಬುದರಲ್ಲಿದೆ.

ಆಸ್ಪತ್ರೆ ಸೇರಿದ ರೋಗ

ಕಾಯಿಲೆ ಬಿದ್ದವರು ಏದುಸಿರು ಬಿಡುವುದನ್ನು ಪ್ರಾಚೀನ ಕಾಲದ ವೈದ್ಯರೂ ಗಮನಿಸಿದ್ದರು. ಆದರೆ ಎದೆಯೊಳಗೆ ಏನಾಗುತ್ತಿದೆ ಎಂದು ತಿಳಿಯುವ ದಾರಿ ತೆರೆದದ್ದು 1816ರಲ್ಲಿ. ಆ ವರ್ಷ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕಿವಿಗೊಟ್ಟ. ಅದೇ ಮುಂದೆ ಮರದ ಕೊಳವೆಯಾಗಿ, ಸ್ಟೆತಾಸ್ಕೋಪ್ ಆಯಿತು. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಪ್ರತ್ಯೇಕವಾಗಿ ಗುರುತಿಸಿದ ಸೂಕ್ಷ್ಮಾಣುವೇ ನ್ಯುಮೋನಿಯಾಕ್ಕೆ ಮುಖ್ಯ ಕಾರಣವೆಂದು ನಂತರ ತಿಳಿದ ನ್ಯುಮೋಕಾಕಸ್. 1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಶ್ವಾಸಕೋಶದ ಮೇಲಿನ ಬಿಳಿ ಮಚ್ಚೆ ಕಣ್ಣಿಗೇ ಕಾಣುವಂತಾಯಿತು. 1930ರ ದಶಕದ ಕೊನೆಗೆ ಸಲ್ಫಾ ಮಾತ್ರೆಗಳು, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಅಲ್ಲಿಯವರೆಗೆ ಯಮನ ಬಾಗಿಲಂತಿದ್ದ ರೋಗ ವಾಸಿಯಾಗುವ ರೋಗವಾಯಿತು.

ಇದು ವೈದ್ಯಕೀಯದ ದೊಡ್ಡ ಗೆಲುವು, ಅದರಲ್ಲಿ ಸಂಶಯವಿಲ್ಲ. ಆದರೆ ಈ ಗೆಲುವಿನ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ರೋಗವನ್ನು ಗುರುತಿಸುವ ಅಧಿಕಾರ ಮನೆಯಿಂದ ಆಸ್ಪತ್ರೆಗೆ ಹೋಯಿತು. ಕೊಳವೆ ಇಟ್ಟು ಕೇಳಬಲ್ಲ ಕಿವಿ, ಎಕ್ಸ್‌ರೇ ಓದಬಲ್ಲ ಕಣ್ಣು ಇದ್ದಲ್ಲಿ ಮಾತ್ರ ನ್ಯುಮೋನಿಯಾಕ್ಕೆ ಹೆಸರು ಸಿಗತೊಡಗಿತು. ವೈದ್ಯರೇ ಇಲ್ಲದ ಊರುಗಳಲ್ಲಿ, ಅಂದರೆ ಮಕ್ಕಳು ಅತಿ ಹೆಚ್ಚಾಗಿ ಸಾಯುತ್ತಿದ್ದ ಊರುಗಳಲ್ಲಿ, ಅದಕ್ಕೆ ಹೆಸರೂ ಇಲ್ಲ, ಔಷಧಿಯೂ ಇಲ್ಲ.

ಗೊರೊಕಾದಿಂದ ವೆಲ್ಲೂರಿಗೆ

ಈ ಗಂಟು ಬಿಚ್ಚಿದ್ದು ಪಪುವಾ ನ್ಯೂಗಿನಿಯ ಬೆಟ್ಟಸೀಮೆಯಲ್ಲಿ. ಅಲ್ಲಿನ ಗೊರೊಕಾ ಪಟ್ಟಣದ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳಲ್ಲಿ ನ್ಯುಮೋನಿಯಾದ ಹಾವಳಿ ಹೆಚ್ಚು. ವೈದ್ಯರು ಬೆರಳೆಣಿಕೆಯಷ್ಟು. ಅಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಕ್ಕಳ ತಜ್ಞ ಫ್ರಾಂಕ್ ಶಾನ್ ಮತ್ತು ಸಂಗಡಿಗರು ಕೆಮ್ಮಿನ ಮಕ್ಕಳನ್ನು ಪರೀಕ್ಷಿಸಿ ಒಂದು ಪ್ರಶ್ನೆ ಕೇಳಿದರು. ಎಕ್ಸ್‌ರೇ ಇಲ್ಲದೆಯೇ, ಯಾವ ಮಗುವಿಗೆ ಆಂಟಿಬಯಾಟಿಕ್ ಬೇಕು, ಯಾವ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕು ಎಂದು ಹೇಳಬಹುದೇ? ಉಸಿರಿನ ವೇಗ ನೋಡಿ ಔಷಧಿ ಕೊಡಬಹುದು, ಎದೆ ಒಳಸೆಳೆತ ನೋಡಿ ಆಸ್ಪತ್ರೆಗೆ ಸೇರಿಸಬಹುದು ಎಂದು ಅವರು 1984ರಲ್ಲಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಉಸಿರಾಟದ ಸೋಂಕು ನಿಯಂತ್ರಣ ಕಾರ್ಯಕ್ರಮಕ್ಕೆ ಇದೇ ಬುನಾದಿಯಾಯಿತು.

ಮುಂದಿನ ಹೆಜ್ಜೆ ನಮ್ಮ ನೆರೆಯ ತಮಿಳುನಾಡಿನಲ್ಲೇ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 682 ಮಕ್ಕಳನ್ನು ಪರೀಕ್ಷಿಸಿ 1988ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗಿನ ಮಕ್ಕಳಿಗೆ ನಿಮಿಷಕ್ಕೆ 50, ಅದಕ್ಕಿಂತ ದೊಡ್ಡ ಮಕ್ಕಳಿಗೆ 40 ಎಂಬ ಗೆರೆ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಅದರಲ್ಲಿ ಸ್ಪಷ್ಟವಾಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. 'ಮಗು ಜೋರಾಗಿ ಉಸಿರಾಡುತ್ತಿದೆ' ಎಂದು ಮನೆಯವರು ಹೇಳುವ ಮಾತೂ ರೋಗವನ್ನು ಗುರುತಿಸಲು ನೆಚ್ಚಬಹುದಾದ ಲಕ್ಷಣವಾಗಿತ್ತು. ಅಂದರೆ ತಾಯಿ ಕಂಡದ್ದು ಬರೀ ಗಾಬರಿಯಲ್ಲ, ಅದೂ ಒಂದು ಸಾಕ್ಷ್ಯ ಎಂದಾಯಿತು.

ಗಡ್‌ಚಿರೋಲಿಯ ಮಣಿಗಳು

ತಾಯಿಯ ಕಣ್ಣಿನ ಈ ಸಾಕ್ಷ್ಯವನ್ನು ಜೀವ ಉಳಿಸುವ ಕೆಲಸಕ್ಕೆ ಹಚ್ಚಬಹುದೇ ಎಂಬುದು ಪರೀಕ್ಷೆಗೆ ಒಳಗಾದ ಜಾಗಗಳಲ್ಲಿ ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿರುವ ಗಡ್‌ಚಿರೋಲಿ ಮುಖ್ಯವಾದದ್ದು. ಕಾಡು, ಆದಿವಾಸಿಗಳು, ಬಡತನ ಇವೇ ಆ ಜಿಲ್ಲೆಯ ಗುರುತಾಗಿದ್ದವು. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಮರಳಿ, 1986ರಲ್ಲಿ ಅಲ್ಲಿ 'ಸರ್ಚ್' ಎಂಬ ಸಂಸ್ಥೆ ಕಟ್ಟಿದರು.

ಅವರು ಕೈಗೊಂಡ ಪ್ರಯೋಗ ಹೀಗಿತ್ತು. 58 ಹಳ್ಳಿಗಳಲ್ಲಿ ಎರಡು ಕೆಲಸ ನಡೆಯಿತು. ಮೊದಲನೆಯದು, ಮಗುವಿನಲ್ಲಿ ಯಾವ ಲಕ್ಷಣ ಕಂಡರೆ ಅದು ನ್ಯುಮೋನಿಯಾ, ಆಗ ಯಾರ ಬಳಿ ಹೋಗಬೇಕು ಎಂದು ತಂದೆತಾಯಿಯರಿಗೆ ತಿಳಿಹೇಳುವುದು. ಎರಡನೆಯದು, ಹಳ್ಳಿಯ ಆರೋಗ್ಯ ಕಾರ್ಯಕರ್ತರು ಮತ್ತು ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಔಷಧಿಯನ್ನು ಅವರ ಕೈಗೇ ಕೊಡುವುದು. ಹೋಲಿಕೆಗಾಗಿ ಬೇರೆ 44 ಹಳ್ಳಿಗಳನ್ನು ಮೊದಲಿದ್ದ ವ್ಯವಸ್ಥೆಯಲ್ಲೇ ಬಿಡಲಾಯಿತು.

ಹತ್ತರಾಚೆ ಎಣಿಸಲು ಬಾರದ ಸೂಲಗಿತ್ತಿ ನಿಮಿಷಕ್ಕೆ ಐವತ್ತು ಉಸಿರು ಎಣಿಸುವುದು ಹೇಗೆ? ಅದಕ್ಕಾಗಿ ಬಂಗ್ ದಂಪತಿ ಒಂದು ಸಾಧನ ರೂಪಿಸಿದರು. ಒಂದು ನಿಮಿಷದಲ್ಲಿ ಮರಳು ಖಾಲಿಯಾಗುವ ಗಾಜಿನ ಗಡಿಯಾರ, ಅದರ ಪಕ್ಕದಲ್ಲಿ ಪೋಣಿಸಿದ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸುತ್ತಾ ಹೋಗಬೇಕು. ಮರಳು ಮುಗಿಯುವುದರೊಳಗೆ ಕೊನೆಯ ಕೆಂಪು ಮಣಿಗೆ ಬಂದರೆ ಮಗುವಿಗೆ ನ್ಯುಮೋನಿಯಾ.

1990ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಆ 58 ಹಳ್ಳಿಗಳಲ್ಲಿ 612 ನ್ಯುಮೋನಿಯಾ ಪ್ರಕರಣಗಳಿಗೆ ಚಿಕಿತ್ಸೆ ಸಿಕ್ಕಿತ್ತು. ಬರಬಹುದೆಂದು ಅಂದಾಜು ಮಾಡಿದ್ದ ಪ್ರಕರಣಗಳಲ್ಲಿ ಇದು ಶೇಕಡ 76. ಚಿಕಿತ್ಸೆ ಪಡೆದವರಲ್ಲಿ ಸತ್ತವರು ಶೇಕಡ 0.8 ಮಾತ್ರ. ಉಳಿದ ಹಳ್ಳಿಗಳಲ್ಲಿ ಈ ಪ್ರಮಾಣ ಶೇಕಡ 13.5. ನ್ಯುಮೋನಿಯಾದಿಂದಾಗುವ ಮಕ್ಕಳ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಈ ಲೆಕ್ಕದಲ್ಲಿ ಎಲ್ಲರ ಕಣ್ಣು ಸಾವಿನ ಅಂಕಿಯ ಮೇಲೆ ಹೋಗುವುದು ಸಹಜ. ಆದರೆ 76 ಎಂಬ ಅಂಕಿಯೂ ಅಷ್ಟೇ ಮುಖ್ಯ. ನಾಲ್ಕರಲ್ಲಿ ಮೂರು ಪ್ರಕರಣಗಳಲ್ಲಿ ರೋಗಕ್ಕೂ ಔಷಧಿಗೂ ಭೇಟಿಯಾಯಿತು. ತಂದೆತಾಯಿಯರಿಗೆ ರೋಗದ ಗುರುತು ಸಿಕ್ಕಿತ್ತು, ಔಷಧಿ ಪಕ್ಕದ ಬೀದಿಯಲ್ಲಿತ್ತು, ಕೊಡುವವಳು ಪರಿಚಯದವಳಾಗಿದ್ದಳು. ಈ ಮೂರು ಕೂಡಿಬಂದಾಗ ಅಕ್ಷರ ಬಾರದವರೂ ಮಗುವನ್ನು ಹೊತ್ತು ಹೊತ್ತಿಗೆ ಸರಿಯಾಗಿ ಬಂದರು.

ಭಾರತ ಸರ್ಕಾರ 1990ರಲ್ಲಿ 14 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಉಸಿರಾಟದ ಸೋಂಕು ನಿಯಂತ್ರಣ ಕಾರ್ಯಕ್ರಮ ಆರಂಭಿಸಿ, 1992ರಲ್ಲಿ ಅದನ್ನು ತಾಯಿ-ಮಗು ಆರೋಗ್ಯ ಯೋಜನೆಯೊಳಗೆ ಸೇರಿಸಿತು. 2005ರಲ್ಲಿ ಬಂದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹಸುಗೂಸುಗಳನ್ನು ನೋಡಿಕೊಳ್ಳುವ ಪದ್ಧತಿಯ ಹಿಂದೆಯೂ ಗಡ್‌ಚಿರೋಲಿಯ ಅನುಭವವಿದೆ.

ಹೊಸಿಲು ದಾಟುವ ಮುನ್ನ

ಆದರೆ ಎಲ್ಲ ಊರೂ ಗಡ್‌ಚಿರೋಲಿಯ ಆ 58 ಹಳ್ಳಿಗಳಂತಲ್ಲ. ಮನೆಯಲ್ಲಿ ಲಕ್ಷಣ ಕಂಡ ಗಳಿಗೆಯಿಂದ ಔಷಧಿ ಬಾಯಿಗೆ ಬೀಳುವವರೆಗಿನ ದಾರಿ ಬಹಳ ಉದ್ದ. ಇದನ್ನು ಮೂರು ತಡೆಗಳಾಗಿ ನೋಡಬಹುದು. ರೋಗವೆಂದು ಅರಿಯುವಲ್ಲಿ ಆಗುವ ತಡ, ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವ ತಡ, ಹೋಗಿ ಸರಿಯಾದ ಚಿಕಿತ್ಸೆ ಪಡೆಯುವಲ್ಲಿ ಆಗುವ ತಡ.

ಅರಿವಿನ ವಿಷಯದಲ್ಲಿ ತಾಯಂದಿರು ದಡ್ಡರಲ್ಲ. ಉತ್ತರ ಭಾರತದ ಹಳ್ಳಿಗಳಲ್ಲಿ 'ಪಸಲೀ ಚಲ್ನಾ' ಎಂಬ ಮಾತಿದೆ. ಪಕ್ಕೆಲುಬು ಆಡುವುದು ಎಂದು ಅದರ ಅರ್ಥ. ವೈದ್ಯರು ಎದೆಯ ಒಳಸೆಳೆತ ಎಂದು ಕರೆಯುವುದನ್ನು ಜನ ತಮ್ಮ ಭಾಷೆಯಲ್ಲಿ ಮೊದಲೇ ಹೆಸರಿಸಿದ್ದರು. ಕನ್ನಡದ ಮನೆಗಳಲ್ಲೂ ಏದುಸಿರು, ಉಬ್ಬಸ, ಎದೆ ಗೊರಗೊರ ಎನ್ನುವುದು ಎಂಬ ಮಾತುಗಳು ಬಳಕೆಯಲ್ಲಿವೆ. ತೊಡಕಿರುವುದು ಹೆಸರಿನಲ್ಲಲ್ಲ, ಕಾರಣದಲ್ಲಿ. ಬಾಳೆಹಣ್ಣು ತಿಂದು ಶೀತವಾಯಿತು, ದೃಷ್ಟಿ ತಾಗಿತು ಎಂದುಕೊಂಡರೆ ಮದ್ದೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಕಷಾಯ, ದೃಷ್ಟಿ ತೆಗೆಯುವುದು, ತಾಯಿತ ಇವುಗಳಲ್ಲಿ ಒಂದೆರಡು ದಿನ ಕಳೆಯುತ್ತದೆ. ಅಪರೂಪಕ್ಕೆ ಇದು ಕ್ರೂರ ರೂಪವನ್ನೂ ತಾಳುತ್ತದೆ. 2023ರಲ್ಲಿ ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ ನ್ಯುಮೋನಿಯಾ ಬಂದಿದ್ದ ಹಸುಗೂಸೊಂದಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕಿ, ಅದು ಸತ್ತ ಸುದ್ದಿ ದೇಶವನ್ನೇ ತಲ್ಲಣಗೊಳಿಸಿತ್ತು.

ಎರಡನೆಯ ತಡೆಗೆ ತಾಯಿಯನ್ನು ದೂರಿ ಫಲವಿಲ್ಲ. ಉಸಿರಿನ ವ್ಯತ್ಯಾಸ ಕಂಡವಳು ಅವಳಾದರೂ, ಆಸ್ಪತ್ರೆಗೆ ಹೋಗುವ ತೀರ್ಮಾನ ಅತ್ತೆಯದೋ ಗಂಡನದೋ ಆಗಿರಬಹುದು. ಕೂಲಿಗೆ ಹೋಗುವ ಮನೆಯಲ್ಲಿ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ದುಡಿಮೆ ಹೋದಂತೆ. ರಾತ್ರಿ ಹೊತ್ತು ಬಸ್ಸಿಲ್ಲ, ಬಾಡಿಗೆ ಆಟೋಗೆ ಹಣವಿಲ್ಲ. ಉಳಿದ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಜ್ವರ ಅಥವಾ ಉಸಿರಾಟದ ಸೋಂಕಿನ ಲಕ್ಷಣವಿದ್ದ ಮಕ್ಕಳಲ್ಲಿ ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲ್ಪಟ್ಟವರು ಶೇಕಡ 69. 2015–16ರ ಸಮೀಕ್ಷೆಯಲ್ಲಿ ಇದು ಶೇಕಡ 73 ಇತ್ತು. ಎರಡನೇ ಸಮೀಕ್ಷೆಯ ಕಾಲದಲ್ಲಿ ಕೋವಿಡ್ ಬಂದಿತ್ತೆಂಬುದನ್ನು ಮರೆಯುವಂತಿಲ್ಲ. ಆದರೂ ಮೂರರಲ್ಲಿ ಒಂದು ಮಗು ಮನೆಯಲ್ಲೇ ಉಳಿಯಿತು ಎಂಬುದು ಚಿಂತೆಯ ವಿಷಯವೇ.

ಮೂರನೆಯ ತಡೆ ಆಸ್ಪತ್ರೆಯ ಬಾಗಿಲಲ್ಲಿದೆ. ಉಸಿರು ಎಣಿಸದೆಯೇ ಕೆಮ್ಮಿನ ಸಿರಪ್ ಬರೆದುಕೊಡುವವರಿದ್ದಾರೆ. 'ಇಷ್ಟು ತಡವಾಗಿ ತಂದಿದ್ದೀಯಲ್ಲ' ಎಂದು ಎಲ್ಲರೆದುರು ಗದರುವವರೂ ಇದ್ದಾರೆ. ಹಾಗೆ ಗದರಿಸಿಕೊಂಡ ತಾಯಿ ಮುಂದಿನ ಸಲ ಬೇಗ ಬರುತ್ತಾಳೆಯೇ, ಇಲ್ಲ ಬರುವುದನ್ನೇ ಬಿಡುತ್ತಾಳೆಯೇ ಎಂದು ಯೋಚಿಸಬೇಕು.

ಮತ್ತೆ ಮತ್ತೆ ಬಂದಾಗ

ಒಮ್ಮೆ ಬಂದು ವಾಸಿಯಾಗುವ ನ್ಯುಮೋನಿಯಾದ ಕಥೆ ಇದಾದರೆ, ಮತ್ತೆ ಮತ್ತೆ ಬರುವ ನ್ಯುಮೋನಿಯಾದಲ್ಲಿ ತಂದೆತಾಯಿಯರ ಪಾತ್ರ ಇನ್ನೂ ದೊಡ್ಡದು. ಒಂದೇ ವರ್ಷದಲ್ಲಿ ಎರಡು ಬಾರಿ ಅಥವಾ ಒಟ್ಟಾರೆ ಮೂರು ಬಾರಿ ರೋಗ ಬಂದು, ನಡುವೆ ಎಕ್ಸ್‌ರೇ ತಿಳಿಯಾಗಿದ್ದರೆ ಅದನ್ನು ಮರುಕಳಿಸುವ ನ್ಯುಮೋನಿಯಾ ಎಂದು ವೈದ್ಯರು ಕರೆಯುತ್ತಾರೆ. ಇಂಥ ಮಕ್ಕಳಲ್ಲಿ ಬಹುಮಟ್ಟಿಗೆ ಬೇರೊಂದು ಕಾರಣ ಒಳಗೆ ಅಡಗಿರುತ್ತದೆ ಎಂಬುದು ಸ್ಪಷ್ಟವಾದದ್ದು 2000ದ ಆಸುಪಾಸಿನಲ್ಲಿ. ಕೆನಡಾದ ಟೊರಾಂಟೊ ಮಕ್ಕಳ ಆಸ್ಪತ್ರೆಯ ಅಧ್ಯಯನದಲ್ಲಿ ಇಂಥ 238 ಮಕ್ಕಳ ಪೈಕಿ 220 ಮಕ್ಕಳಲ್ಲಿ ಅಡಗಿದ ಕಾರಣ ಪತ್ತೆಯಾಯಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ಮಕ್ಕಳ ಪೈಕಿ 59 ಮಕ್ಕಳದೂ ಇದೇ ಕಥೆ. ಎರಡೂ ಕಡೆ ಮೊದಲ ಸ್ಥಾನದಲ್ಲಿದ್ದ ಕಾರಣ ಒಂದೇ: ಹಾಲು, ಆಹಾರ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುವುದು. ರೋಗನಿರೋಧಕ ಶಕ್ತಿಯ ಕೊರತೆ, ಆಸ್ತಮಾ, ಹುಟ್ಟಿನಿಂದ ಬಂದ ದೋಷಗಳು ಉಳಿದ ಕಾರಣಗಳು.

ಈ ಪಟ್ಟಿಯನ್ನು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಇವುಗಳಲ್ಲಿ ಹಲವು ಕಾರಣಗಳ ಸುಳಿವು ಇರುವುದು ಮನೆಯವರ ನೆನಪಿನಲ್ಲಿ. ಹಾಲು ಕುಡಿಯುವಾಗಲೆಲ್ಲ ಮಗು ಕೆಮ್ಮುತ್ತದೆಯೇ? ಅಳುವ ಕೂಸನ್ನು ಮಲಗಿಸಿ ಒಳಲೆಯಿಂದ ಒತ್ತಾಯವಾಗಿ ಹಾಲು, ಹರಳೆಣ್ಣೆ ಕುಡಿಸುವ ರೂಢಿ ಇದೆಯೇ? ಮೂಗಿಗೆ ಎಣ್ಣೆ ಬಿಡುತ್ತಾರೆಯೇ? ಹಾಲು ಕುಡಿಯುವಾಗ ಹಣೆಯಲ್ಲಿ ಬೆವರುತ್ತದೆಯೇ? ಇದು ಹೃದಯದ ದೋಷದ ಸೂಚನೆಯಾಗಿರಬಹುದು. ಕೆಲವು ವಾರಗಳ ಹಿಂದೆ ಕಡಲೆಕಾಯಿ ಬೀಜ ತಿನ್ನುತ್ತಾ ಆಡುವಾಗ ಒಮ್ಮೆಲೇ ಕೆಮ್ಮಿ ಉಸಿರುಕಟ್ಟಿತ್ತೇ? ಆ ಬೀಜ ಶ್ವಾಸನಾಳದ ಕವಲಿನಲ್ಲಿ ಸಿಕ್ಕಿಕೊಂಡಿದ್ದರೆ ಶ್ವಾಸಕೋಶದ ಅದೇ ಭಾಗದಲ್ಲಿ ಮತ್ತೆ ಮತ್ತೆ ಸೋಂಕಾಗುತ್ತದೆ. ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಬೀಜ ಕರಗದು. ಈ ಪ್ರಶ್ನೆಗಳಿಗೆ ಯಂತ್ರ ಉತ್ತರಿಸುವ ಮೊದಲೇ ತಾಯಿ ಉತ್ತರಿಸಬಲ್ಲಳು.

ಆದರೆ ಪ್ರಶ್ನೆ ಕೇಳುವ ವೈದ್ಯರೇ ಪ್ರತಿ ಸಲ ಬದಲಾದರೆ? ಒಬ್ಬರ ಔಷಧಿಯಿಂದ ಎರಡು ದಿನದಲ್ಲಿ ಗುಣ ಕಾಣಲಿಲ್ಲವೆಂದು ಇನ್ನೊಬ್ಬರಲ್ಲಿಗೆ, ಅಲ್ಲಿಂದ ಮತ್ತೊಬ್ಬರಲ್ಲಿಗೆ ಹೋಗುವುದು ಹಳ್ಳಿ-ಪೇಟೆ ಎನ್ನದೆ ಕಾಣುವ ರೂಢಿ. ಪ್ರತಿಯೊಬ್ಬರ ಕಣ್ಣಿಗೂ ಅದು ಮೊದಲ ನ್ಯುಮೋನಿಯಾ. ಮೂರನೆಯದೆಂದು ಲೆಕ್ಕ ಇಟ್ಟವರು ಯಾರೂ ಇಲ್ಲ. ಹಳೆಯ ಚೀಟಿ ಕಳೆದಿದೆ, ಎಕ್ಸ್‌ರೇ ಅಟ್ಟದ ಮೇಲೆ ಅಂಟಿಕೊಂಡು ಹಾಳಾಗಿದೆ. ಅಡಗಿದ ರೋಗ ಅಡಗಿಯೇ ಇರುತ್ತದೆ. ಆಸ್ತಮಾ ಇರುವ ಮಗುವಿಗೆ ಉಬ್ಬಸ ಬಂದಾಗಲೆಲ್ಲ ನ್ಯುಮೋನಿಯಾದ ಔಷಧಿ ಕೊಡುತ್ತಾ ವರ್ಷಗಳು ಕಳೆಯುವುದೂ ಉಂಟು. ಆಸ್ತಮಾ ಎಂಬ ಹೆಸರಿಗೇ ಅಂಜಿ, ಇನ್‌ಹೇಲರ್ ಬೇಡವೆಂದು ವೈದ್ಯರನ್ನೇ ಬದಲಿಸುವ ತಂದೆತಾಯಿಯರೂ ಇದ್ದಾರೆ.

ಇನ್ನೊಂದು ತಪ್ಪು, ಜ್ವರ ಇಳಿದ ಕೂಡಲೇ ಔಷಧಿ ನಿಲ್ಲಿಸುವುದು. ಐದು ದಿನಕ್ಕೆಂದು ಕೊಟ್ಟದ್ದನ್ನು ಎರಡು ದಿನಕ್ಕೇ ಬಿಟ್ಟು, ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡುತ್ತಾರೆ. ಆಗ ಹತ್ತು ದಿನ ಕಳೆದು ಮತ್ತೆ ಬರುವ ಜ್ವರ ಹೊಸ ರೋಗವೋ, ಆರದ ಹಳೆಯ ರೋಗವೋ ಹೇಳುವುದೇ ಕಷ್ಟ. ಬಹಳ ತಡವಾಗಿ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಎದೆಗೂಡಿನಲ್ಲಿ ಕೀವು ತುಂಬುವುದು, ಶ್ವಾಸನಾಳಗಳಿಗೆ ಶಾಶ್ವತ ಹಾನಿಯಾಗುವುದು ಉಂಟು. ಹಾಗೆ ಹಾನಿಗೊಂಡ ಶ್ವಾಸಕೋಶ ಮುಂದಿನ ಸೋಂಕಿಗೆ ಸುಲಭದ ತುತ್ತು. ಮೊದಲ ಸಲದ ತಡ ಎರಡನೆಯ ಸಲಕ್ಕೆ ದಾರಿ ಮಾಡಿಕೊಡುವುದು ಹೀಗೆ.

ಬದಲಾದ ಕಾಲ

ಇಂದು ತಂದೆತಾಯಿಯರ ಕೈಯಲ್ಲಿ ಮೊದಲಿಗಿಂತ ಹೆಚ್ಚು ಉಪಾಯಗಳಿವೆ. ಹಿಬ್ ಸೋಂಕನ್ನು ತಡೆಯುವ ಅಂಶವಿರುವ ಪೆಂಟಾವೇಲೆಂಟ್ ಲಸಿಕೆ 2011ರ ಕೊನೆಯಲ್ಲಿ ಕೇರಳ, ತಮಿಳುನಾಡುಗಳಲ್ಲಿ ಆರಂಭವಾಗಿ ನಂತರ ಕರ್ನಾಟಕ ಸೇರಿದಂತೆ ದೇಶವನ್ನೆಲ್ಲ ವ್ಯಾಪಿಸಿತು. ನ್ಯುಮೋಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶದ ಎಲ್ಲೆಡೆ ಉಚಿತವಾಗಿ ದೊರೆಯತೊಡಗಿತು. ಗೊರೊಕಾದ ವೈದ್ಯರು ಮಕ್ಕಳ ಶ್ವಾಸಕೋಶದಲ್ಲಿ ಮುಖ್ಯವಾಗಿ ಕಂಡಿದ್ದ ಎರಡು ಶತ್ರುಗಳು ಇವೇ ನ್ಯುಮೋಕಾಕಸ್ ಮತ್ತು ಹೀಮೋಫಿಲಸ್. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡುವುದು, ಒಲೆಯ ಹೊಗೆಯಿಂದ ಮಗುವನ್ನು ದೂರ ಇಡುವುದು, ಮನೆಯೊಳಗೆ ಬೀಡಿ-ಸಿಗರೇಟು ಸೇದದಿರುವುದು ಮನೆಯವರೇ ಮಾಡಬಹುದಾದ ಕೆಲಸ.

ಚಿಕಿತ್ಸೆಯೂ ಮನೆಗೆ ಹತ್ತಿರವಾಗಿದೆ. ಪಾಕಿಸ್ತಾನದಲ್ಲಿ ನಡೆದು 2008ರಲ್ಲಿ ಮತ್ತು 2011ರಲ್ಲಿ ಪ್ರಕಟವಾದ ಅಧ್ಯಯನಗಳು, ಎದೆಯ ಒಳಸೆಳೆತವಿರುವ ಮಕ್ಕಳಲ್ಲೂ ಬೇರೆ ಅಪಾಯದ ಲಕ್ಷಣಗಳಿಲ್ಲದವರನ್ನು ಮನೆಯಲ್ಲೇ ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಟ್ಟು ಗುಣಪಡಿಸಬಹುದು ಎಂದು ತೋರಿಸಿದವು. ಇದರ ನಂತರ ವಿಶ್ವ ಆರೋಗ್ಯ ಸಂಸ್ಥೆ ತನ್ನ ನಿಯಮಗಳನ್ನೇ ಬದಲಿಸಿತು. ಭಾರತ ಸರ್ಕಾರ 2019ರ ನವೆಂಬರ್‌ನಲ್ಲಿ 'ಸಾನ್ಸ್' ಎಂಬ ಅಭಿಯಾನ ಆರಂಭಿಸಿತು. ಕೋವಿಡ್ ಕಾಲದಲ್ಲಿ ಮನೆಮಾತಾದ ಪಲ್ಸ್ ಆಕ್ಸಿಮೀಟರ್ ಈಗ ಮಕ್ಕಳ ನ್ಯುಮೋನಿಯಾದಲ್ಲೂ ನೆರವಿಗೆ ಬರುತ್ತಿದೆ.

ಆದರೆ ಚಿಕಿತ್ಸೆ ಮನೆಗೆ ಬಂದಷ್ಟೂ ಮನೆಯವರ ಹೊಣೆ ಹೆಚ್ಚುತ್ತದೆ. ಮಗು ಹಾಲು ಕುಡಿಯದಿದ್ದರೆ, ಮಂಕಾಗಿ ಏಳದಿದ್ದರೆ, ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ. ಎರಡು ತಿಂಗಳೊಳಗಿನ ಕೂಸಾದರೆ ಮನೆಯಲ್ಲಿ ಕಾದು ನೋಡುವ ಪ್ರಶ್ನೆಯೇ ಇಲ್ಲ.

ಕರ್ನಾಟಕದ ತಾಯಂದಿರು ಲಸಿಕೆಯ ದಿನಾಂಕ, ಮಗುವಿನ ತೂಕ ಬರೆದಿರುವ ತಾಯಿ ಕಾರ್ಡನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದೇ ಚೀಲದಲ್ಲಿ ವೈದ್ಯರ ಹಳೆಯ ಚೀಟಿಗಳು, ಎಕ್ಸ್‌ರೇಗಳು, ಯಾವ ತಿಂಗಳು ಜ್ವರ ಬಂತು, ಯಾವ ಔಷಧಿ ಎಷ್ಟು ದಿನ ಕೊಟ್ಟೆವು ಎಂಬ ಒಂದೆರಡು ಸಾಲು ಸೇರಿದರೆ ಸಾಕು. ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ಅದು ಮೂರನೆಯ ಸಲ ಎಂದು ವೈದ್ಯರಿಗೆ ತಿಳಿಯುತ್ತದೆ. ಗಡ್‌ಚಿರೋಲಿಯ ಸೂಲಗಿತ್ತಿ ಮಣಿ ಸರಿಸಿ ಉಸಿರಿನ ಲೆಕ್ಕ ಇಟ್ಟಳು. ರೋಗ ಎಷ್ಟನೆಯ ಸಲ ಬಂತೆಂಬ ಲೆಕ್ಕ ಇಡಬೇಕಾದವರು ಮನೆಯವರು. ಆ ಲೆಕ್ಕವನ್ನು ಕೇಳಿ ನೋಡುವ ವ್ಯವಧಾನ ಇರಬೇಕಾದದ್ದು ವೈದ್ಯರಿಗೆ.